ಪ್ರಶ್ನೆಯ ಕ್ರಮವೂ ಹೋಬಳಿಯ ಹಿತವೂ

ಕಡೂರು ತಾಲ್ಲೂಕಿನ ಬಯಲುನಾಡಿನಲ್ಲಿ, ತೆಂಗು ಅಡಿಕೆಗಳ ತೋಟಗಳೂ ಮಳೆಯನ್ನೇ ನೆಚ್ಚಿದ ರಾಗಿಯ ಹೊಲಗಳೂ ಸುತ್ತುವರಿದಿರುವ ಹಿರೇನಲ್ಲೂರು ಒಂದು ಹೋಬಳಿಯ ಕೇಂದ್ರಸ್ಥಳ. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವು ಆ ಊರಿನ ಪ್ರಾಚೀನತೆಗೆ ಸಾಕ್ಷಿಯಾಗಿ ನಿಂತಿದೆ. ಇಂತಹ ಹೋಬಳಿಯ ಜನರಿಗೆ ಸರ್ಕಾರವೆಂಬುದು ದೂರದ ಸೌಧಗಳ ರೂಪದಲ್ಲಿ ಗೋಚರಿಸತಕ್ಕುದಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಬಾಣಂತಿಯನ್ನು ನೋಡಿಕೊಳ್ಳುವ ನರ್ಸಮ್ಮ, ಪಹಣಿಯ ತಿದ್ದುಪಡಿಗೆ ಅರ್ಜಿ ಸ್ವೀಕರಿಸುವ ನಾಡಕಚೇರಿಯ ನೌಕರ, ದನಕರುಗಳ ರೋಗಕ್ಕೆ ಮದ್ದು ಕೊಡುವ ಪಶುವೈದ್ಯ, ಹೀಗೆ ಬೆರಳೆಣಿಕೆಯ ಕೆಲವು ಮಂದಿಯ ರೂಪದಲ್ಲಿಯೇ ಅದು ಅವರಿಗೆ ಪ್ರತ್ಯಕ್ಷವಾಗುತ್ತದೆ. ಇವರಲ್ಲಿ ಒಬ್ಬರು ವರ್ಗವಾಗಿ ಹೋಗಿ, ಆ ಜಾಗಕ್ಕೆ ಇನ್ನೊಬ್ಬರು ಬಾರದೆ ಹೋದರೆ, ಒಂದು ತರಗತಿಯ ಮಕ್ಕಳ ಒಂದು ವರ್ಷದ ಗಣಿತವೇ ನಷ್ಟವಾದೀತು. ಅದೇ ಅಭಾವವು ರಾಜಧಾನಿಯ ಗಣಕಯಂತ್ರದಲ್ಲಿ ಲಕ್ಷಾಂತರ ಸಾಲುಗಳ ನಡುವೆ ಅಡಗಿರುವ ಒಂದೇ ಒಂದು ಸಾಲು. ಆ ಸಾಲು ಅಧಿಕಾರಿಯ ಕಣ್ಣಿಗೆ ಬೀಳುವುದೂ ಬೀಳದಿರುವುದೂ ಆತನ ಸದ್ಭಾವವೊಂದನ್ನೇ ಅವಲಂಬಿಸಿಲ್ಲ. ಯಂತ್ರವನ್ನು ಆತ ಏನೆಂದು ಕೇಳಿದ, ಯಾವ ಕ್ರಮದಲ್ಲಿ ಕೇಳಿದ, ಬಂದ ಉತ್ತರವನ್ನು ಯಾವ ಎಚ್ಚರದಿಂದ ಇರಿಸಿಕೊಂಡ ಎಂಬುದನ್ನು ಅವಲಂಬಿಸಿದೆ.

ಮಾನವ ಸಂಪನ್ಮೂಲದ ವಿಶ್ಲೇಷಣೆಯೆಂದು ಈಗ ಎಲ್ಲೆಡೆ ಕೇಳಿಬರುತ್ತಿರುವ ವಿದ್ಯೆಯ ತಿರುಳು ಇಷ್ಟೆ: ನೌಕರವರ್ಗದ ದಾಖಲೆಗಳಿಂದ ಪ್ರಶ್ನೆಗಳ ಮೂಲಕ ಅರ್ಥವನ್ನು ಹೊರತೆಗೆಯುವುದು, ಮತ್ತು ಹಾಗೆ ತೆಗೆದುದನ್ನು ವರದಿಯ ರೂಪದಲ್ಲಿ ಕಾಪಾಡುವುದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ ವಿದ್ಯೆಯೆಂದು ಇದನ್ನು ತಿಳಿಯುವವರುಂಟು. ಆದರೆ ಕರ್ನಾಟಕದಲ್ಲಿ ಅತ್ಯಂತ ವಿಸ್ತಾರವಾದ ನೌಕರವರ್ಗವನ್ನು ಹೊಂದಿರುವ ಸಂಸ್ಥೆ ರಾಜ್ಯಸರ್ಕಾರವೇ ಆಗಿರುವುದರಿಂದ, ಈ ವಿದ್ಯೆಯ ಸುಖದುಃಖಗಳು ಮೊದಲು ತಟ್ಟುವುದು ಹಿರೇನಲ್ಲೂರಿನಂತಹ ಊರುಗಳಿಗೆ.

ದಾಖಲೆ ಬೆಳೆದ ಬಗೆ

ಸರ್ಕಾರಿ ನೌಕರನ ವೃತ್ತಿಜೀವನದ ಚರಿತ್ರೆಯನ್ನು ಬಹುಕಾಲ ಧರಿಸಿಕೊಂಡು ಬಂದದ್ದು ಸೇವಾ ಪುಸ್ತಕ; ಕಚೇರಿಯ ಮಾತಿನಲ್ಲಿ ಎಸ್.ಆರ್. ನೇಮಕದ ಆದೇಶ, ಜನ್ಮದಿನಾಂಕ, ವೇತನಶ್ರೇಣಿ, ಬಡ್ತಿ, ರಜೆ, ವರ್ಗಾವಣೆ, ದಂಡನೆ ಇವೆಲ್ಲವೂ ಅದರ ಪುಟಗಳಲ್ಲಿ ಮೇಲಧಿಕಾರಿಯ ಸಹಿಯೊಡನೆ ಅನುಕ್ರಮವಾಗಿ ದಾಖಲಾಗುತ್ತಿದ್ದವು. ಒಬ್ಬ ಮನುಷ್ಯನ ಸಮಸ್ತ ಸೇವೆಯೂ ಒಂದೆಡೆ ದೊರೆಯುವುದು ಆ ಪುಸ್ತಕದ ಗುಣ. ಒಬ್ಬನನ್ನು ಕುರಿತು ಕೇಳಿದರೆ ಅದು ಎಲ್ಲವನ್ನೂ ಹೇಳುತ್ತದೆ. ಸಾವಿರ ಮಂದಿಯನ್ನು ಕುರಿತು ಕೇಳಿದರೆ ಮೌನ ವಹಿಸುತ್ತದೆ. ತಾಲ್ಲೂಕಿನಲ್ಲಿ ಬರುವ ಮೇ ತಿಂಗಳ ಕೊನೆಗೆ ನಿವೃತ್ತರಾಗುವ ಶಿಕ್ಷಕರು ಎಷ್ಟು ಮಂದಿ ಎಂಬ ಸರಳ ಪ್ರಶ್ನೆಗೆ ಉತ್ತರ ಕೊಡಬೇಕಾದರೂ ಗುಮಾಸ್ತನು ಬೀರುವಿನ ಪ್ರತಿಯೊಂದು ಪುಸ್ತಕವನ್ನೂ ತೆರೆದು ನೋಡಬೇಕಾಗಿತ್ತು.

ಈ ಸ್ಥಿತಿ ಬದಲಾದದ್ದು ಪ್ರಸ್ತುತ ಶತಮಾನದ ಆರಂಭದಲ್ಲಿ. 2002ರಲ್ಲಿ ‘ಖಜಾನೆ’ ಯೋಜನೆಯ ಮೂಲಕ ರಾಜ್ಯದ ಖಜಾನೆಗಳು ಗಣಕಜಾಲಕ್ಕೆ ಸೇರಿದವು. ತರುವಾಯ, ನೌಕರರ ವೇತನದ ಬಿಲ್ಲುಗಳನ್ನು ಸಿದ್ಧಪಡಿಸುವ ಎಚ್.ಆರ್.ಎಂ.ಎಸ್. ತಂತ್ರಾಂಶವು ಬಟವಾಡೆ ಅಧಿಕಾರಿಗಳ ಕಚೇರಿಗಳನ್ನು ಪ್ರವೇಶಿಸಿತು. ಅದರಲ್ಲಿ ನೌಕರನನ್ನು ಗುರುತಿಸುವುದಕ್ಕೆ ಬಳಕೆಯಾಗುವ ಕೆ.ಜಿ.ಐ.ಡಿ. ಸಂಖ್ಯೆಗೆ ಒಂದು ಹಿರಿಯ ಪರಂಪರೆಯುಂಟು. 1891ರಲ್ಲಿ ಮೈಸೂರು ಸಂಸ್ಥಾನವು ತನ್ನ ಸೇವಕರಿಗೋಸ್ಕರ ಸ್ಥಾಪಿಸಿದ ಜೀವವಿಮೆಯ ಏರ್ಪಾಡೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ. ನೌಕರನು ಗತಿಸಿದರೆ ಅವನ ಸಂಸಾರ ನಿರ್ಗತಿಕವಾಗಬಾರದೆಂಬ ಕಾಳಜಿಯಿಂದ ಹುಟ್ಟಿದ ವಿಮೆಯ ಸಂಖ್ಯೆಯೇ, ಶತಮಾನಕ್ಕೂ ಮಿಕ್ಕ ಕಾಲದ ಮೇಲೆ, ಅವನ ಸೇವಾವೃತ್ತಾಂತದ ಬೀಗದ ಕೈಯಾಗಿ ಪರಿಣಮಿಸಿತು.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಈ ವ್ಯವಸ್ಥೆಯ ಪ್ರಥಮ ಪ್ರಯೋಜನ ಸಂಬಳದ ಪಾವತಿ. ಯಾರಿಗೆ, ಯಾವ ಹುದ್ದೆಯ ಲೆಕ್ಕದಲ್ಲಿ, ಎಷ್ಟು ಹಣ ಸಲ್ಲಬೇಕೆಂಬುದನ್ನು ಅದು ನಿಷ್ಠೆಯಿಂದ ಬಲ್ಲದು. ಆ ಮನುಷ್ಯ ಇಂದು ಬೆಳಗ್ಗೆ ಯಾವ ಊರಿನ ಯಾವ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದಾನೆಂಬುದು ಅದಕ್ಕೆ ಸಹಜವಾಗಿ ಗೊತ್ತಿರತಕ್ಕ ವಿಷಯವಲ್ಲ. ಒಂದು ಉದ್ದೇಶಕ್ಕಾಗಿ ಕೂಡಿಟ್ಟ ದತ್ತಾಂಶವನ್ನು ಮತ್ತೊಂದು ಉದ್ದೇಶಕ್ಕಾಗಿ ಪ್ರಶ್ನಿಸುವವನು ಮೊದಲು ಅದರ ಹುಟ್ಟನ್ನು ವಿಚಾರಿಸಿಕೊಳ್ಳುವುದು ಯುಕ್ತ. ಕೆರೆ ತುಂಬಿದ ಮಾತ್ರಕ್ಕೆ ಬಯಲಿನ ಗದ್ದೆ ನೆನೆಯುವುದಿಲ್ಲ. ತೂಬನ್ನು ಎತ್ತಬೇಕು, ಎತ್ತಿದ ಮೇಲೆ ಕಾಲುವೆಯು ಗದ್ದೆಯ ಕಡೆಗೇ ತಿರುಗಿರಬೇಕು. ಪ್ರಶ್ನೆಯ ರಚನೆಯೆಂದರೆ ಈ ಕಾಲುವೆಯನ್ನು ತೋಡುವ ಕೆಲಸ.

ಪ್ರಶ್ನೆಯ ಅಂಗಗಳು

1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಗಣಿತಜ್ಞ ಎಡ್ಗರ್ ಕಾಡ್ ಪ್ರಕಟಿಸಿದ ಒಂದು ಪ್ರಬಂಧವು ದತ್ತಾಂಶದ ಜಗತ್ತನ್ನೇ ಮಾರ್ಪಡಿಸಿತು. ಸಂಗತಿಗಳೆಲ್ಲವನ್ನೂ ಸರಳವಾದ ಕೋಷ್ಟಕಗಳಲ್ಲಿ ಇಡಬೇಕು; ಕೋಷ್ಟಕಗಳು ಸಮಾನವಾದ ಒಂದು ಗುರುತಿನಿಂದ ಪರಸ್ಪರ ಸಂಬಂಧ ಹೊಂದಿರಬೇಕು; ಕೇಳುವವನು ತನಗೆ ಏನು ಬೇಕೆಂಬುದನ್ನು ಹೇಳಬೇಕೇ ಹೊರತು ಯಂತ್ರವು ಅದನ್ನು ಎಲ್ಲಿ ಹೇಗೆ ಹುಡುಕಬೇಕೆಂಬುದನ್ನು ಹೇಳಬೇಕಾಗಿಲ್ಲ: ಇವು ಅವರ ಮುಖ್ಯ ಸೂತ್ರಗಳು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ಈ ತತ್ತ್ವದ ಮೇಲೆ ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ಅದೇ ಇಂದು ಎಸ್.ಕ್ಯು.ಎಲ್. ಎಂಬ ಹೆಸರಿನಿಂದ ಲೋಕವ್ಯಾಪಿಯಾಗಿದೆ. ಈಗಿನ ತಂತ್ರಾಂಶಗಳಲ್ಲಿ ಬಳಕೆದಾರನು ಆ ಭಾಷೆಯನ್ನು ಕಲಿಯದೆಯೇ ಪರದೆಯ ಮೇಲೆ ಕಾಲಂಗಳನ್ನು ಆರಿಸಿ ಕ್ವೆರಿಯನ್ನು, ಎಂದರೆ ಪ್ರಶ್ನೆಯನ್ನು, ಕಟ್ಟಬಹುದು. ಒಳಗಿನ ವ್ಯಾಕರಣ ಮಾತ್ರ ಅದೇ.

ಆ ವ್ಯಾಕರಣದಲ್ಲಿ ಪ್ರಶ್ನೆಗೆ ಐದು ಅಂಗಗಳು. ಯಾವ ಕೋಷ್ಟಕಗಳಿಂದ ಕೇಳುತ್ತೇವೆ, ಅವನ್ನು ಯಾವ ಗುರುತಿನಿಂದ ಜೋಡಿಸುತ್ತೇವೆ ಎಂಬುದು ಮೊದಲನೆಯದು. ಯಾವ ಕಾಲಂಗಳು ಬೇಕು ಎಂಬುದು ಎರಡನೆಯದು. ಯಾವ ಸಾಲುಗಳು ಉಳಿಯಬೇಕು, ಯಾವುವು ಬಿಟ್ಟುಹೋಗಬೇಕು ಎಂಬ ನಿಬಂಧನೆ ಮೂರನೆಯದು. ಉಳಿದವನ್ನು ಶಾಲೆವಾರು, ಹೋಬಳಿವಾರು, ತಾಲ್ಲೂಕುವಾರು ಗುಂಪುಗೂಡಿಸುವುದು ನಾಲ್ಕನೆಯದು. ಉತ್ತರವನ್ನು ಯಾವ ಅನುಕ್ರಮದಲ್ಲಿ ಜೋಡಿಸಿ ತೋರಿಸಬೇಕೆಂಬುದು ಐದನೆಯದು. ಇವಲ್ಲದೆ, ಪರದೆಯ ಮೇಲೆ ಅನೇಕ ವೇಳೆ ಕಾಣಿಸದಿದ್ದರೂ ಎಲ್ಲಕ್ಕಿಂತ ಬಲವಾದ ಆರನೆಯ ಅಂಗವೊಂದುಂಟು: ಈ ಉತ್ತರ ಯಾವ ದಿನದ ಸ್ಥಿತಿಯನ್ನು ಕುರಿತದ್ದು ಎಂಬುದು. ಆರರಲ್ಲಿ ಯಾವುದೊಂದು ಸಡಿಲವಾದರೂ ಯಂತ್ರವು ತಪ್ಪೆಂದು ಹೇಳುವುದಿಲ್ಲ. ಅಂಕಿಗಳ ಸಾಲು ಎಂದಿನಂತೆ ಅಚ್ಚುಕಟ್ಟಾಗಿಯೇ ಮೂಡುತ್ತದೆ. ಅಂಕಿಯ ಅಚ್ಚುಕಟ್ಟು ಅದರ ಸತ್ಯಕ್ಕೆ ಪ್ರಮಾಣವಲ್ಲ.

ಹುದ್ದೆ, ವ್ಯಕ್ತಿ, ಸ್ಥಳ

ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಶಿಕ್ಷಕರ ಒಂದು ಹುದ್ದೆ ಮಂಜೂರಾಗಿದೆಯೆಂದೂ, ಆ ಹುದ್ದೆಗೆ ನೇಮಕಗೊಂಡವರನ್ನು ತಾಲ್ಲೂಕಿನ ಬೇರೊಂದು ಶಾಲೆಗೆ ಅಥವಾ ಕಚೇರಿಗೆ ನಿಯೋಜಿಸಲಾಗಿದೆಯೆಂದೂ ಭಾವಿಸೋಣ. ಅವರ ವೇತನವು ಹೋಬಳಿಯ ಶಾಲೆಯ ಲೆಕ್ಕದಲ್ಲಿಯೇ ಬಟವಾಡೆಯಾಗುತ್ತಿದೆ. ಈಗ ಮೇಲಿನ ಕಚೇರಿಯವರು, ಮಂಜೂರಾದ ಹುದ್ದೆಗಳಿಂದ ವೇತನ ಪಡೆಯುತ್ತಿರುವವರ ಸಂಖ್ಯೆಯನ್ನು ಕಳೆದು, ಖಾಲಿ ಹುದ್ದೆಗಳ ವರದಿಯನ್ನು ತೆಗೆದರೆ, ಆ ಶಾಲೆಯ ಎದುರಿಗೆ ಸೊನ್ನೆ ಎಂದು ಬರುತ್ತದೆ. ವರದಿಯಲ್ಲಿ ಹುದ್ದೆ ಭರ್ತಿ. ತರಗತಿಯಲ್ಲಿ ಕುರ್ಚಿ ಖಾಲಿ. ಯಾರೊಬ್ಬರೂ ಸುಳ್ಳನ್ನು ಬರೆದಿಲ್ಲ. ಆದರೂ ಆ ಊರಿನ ಮಕ್ಕಳಿಗೆ ಸಲ್ಲತಕ್ಕ ಶಿಕ್ಷಕರು ಲೆಕ್ಕದಿಂದಲೇ ಮಾಯವಾಗಿದ್ದಾರೆ, ಏಕೆಂದರೆ ಖಾಲಿ ಎಂದು ತೋರದ ಹುದ್ದೆಯನ್ನು ತುಂಬಬೇಕೆಂದು ಯಾರಿಗೂ ತೋಚುವುದಿಲ್ಲ.

ಅಲ್ಲಿ ಅತಿಥಿ ಶಿಕ್ಷಕರೊಬ್ಬರು ಬಂದು ಪಾಠ ನಡೆಸುತ್ತಿದ್ದರಂತೂ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. ಗೌರವಧನದ ಮೇಲೆ ದುಡಿಯುವ ಅವರು ಕಾಯಂ ನೌಕರರ ವೇತನದ ದಾಖಲೆಯಲ್ಲಿ ಇರುವವರಲ್ಲ. ಆದುದರಿಂದ ಪಾಠ ಹೇಳುತ್ತಿರುವವರು ವರದಿಯಲ್ಲಿಲ್ಲ; ವರದಿಯಲ್ಲಿರುವವರು ಪಾಠ ಹೇಳುತ್ತಿಲ್ಲ. ಈ ವೈಪರೀತ್ಯದಿಂದ ಪಾರಾಗುವ ದಾರಿಯೆಂದರೆ, ಮಂಜೂರಾದ ಹುದ್ದೆ, ವೇತನ ಬಟವಾಡೆಯಾಗುವ ಸ್ಥಳ, ವಾಸ್ತವವಾಗಿ ಕೆಲಸ ನಡೆಯುವ ಸ್ಥಳ ಇವು ಮೂರನ್ನೂ ಮೂರು ಬೇರೆ ಬೇರೆ ಕಾಲಂಗಳಾಗಿ ಇರಿಸಿಕೊಂಡು, ಮೂರನ್ನೂ ಒಟ್ಟಿಗೆ ಕೇಳುವುದು. ಹುದ್ದೆ ಒಂದು ವಸ್ತು, ಅದರಲ್ಲಿರುವ ವ್ಯಕ್ತಿ ಮತ್ತೊಂದು, ಸೇವೆ ದೊರೆಯುವ ಸ್ಥಳ ಇನ್ನೊಂದು: ಈ ವಿವೇಕ ನೌಕರವರ್ಗದ ವಿಶ್ಲೇಷಣೆಗೆ ತಳಹದಿ.

ದಿನಾಂಕ, ಸೀಮೆ, ಬರಿದಾದ ಕಾಲಂ

ಹಿಂದಿನ ತಲೆಮಾರಿನ ಗ್ರಾಮೀಣರಲ್ಲಿ ಬಹುಮಂದಿಯ ಜನ್ಮದಿನಾಂಕ ಶಾಲಾ ದಾಖಲೆಯಲ್ಲಿ ಜೂನ್ 1 ಎಂದಿರುವುದನ್ನು ಎಲ್ಲರೂ ಬಲ್ಲರು. ಮಗುವನ್ನು ಕೈಹಿಡಿದು ಕರೆತಂದ ತಂದೆಗೆ ತಾರೀಖು ನೆನಪಿಲ್ಲದಾಗ, ಶಾಲೆಗೆ ಸೇರಿಸುವ ವಯಸ್ಸಿಗೆ ಹೊಂದುವಂತೆ ಮೇಷ್ಟ್ರೇ ಬರೆದುಕೊಂಡ ದಿನ ಅದು. ಕರ್ನಾಟಕದಲ್ಲಿ ಸರ್ಕಾರಿ ನೌಕರನು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. ಆದರೆ ತಿಂಗಳ ಒಂದನೆಯ ತಾರೀಖಿನಲ್ಲಿ ಜನಿಸಿದವನು ಅದರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ಸೇವಾ ನಿಯಮ. ಹಾಗಾಗಿ 1966ರ ಜೂನ್ 2ರಂದು ಹುಟ್ಟಿದವರ ನಿವೃತ್ತಿ 2026ರ ಜೂನ್ 30ಕ್ಕೆ. ಅವರಿಗಿಂತ ಒಂದೇ ದಿನ ಹಿರಿಯರಾದವರದು ಮೇ 31ಕ್ಕೆ. ಹುಟ್ಟಿದ ತಿಂಗಳನ್ನಷ್ಟೇ ನೋಡಿ ಕಟ್ಟಿದ ಕ್ವೆರಿಯು ಇವರೆಲ್ಲರನ್ನೂ ಜೂನ್ ತಿಂಗಳಿಗೆ ಸೇರಿಸಿಬಿಡುತ್ತದೆ. ತಪ್ಪು ಒಂದು ತಿಂಗಳದಷ್ಟೇ ಎಂದು ಉದಾಸೀನ ಮಾಡುವಂತಿಲ್ಲ. ಬೇಸಿಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಸಮಯ ಅದೇ ಆದುದರಿಂದ, ಹೊಸ ವರ್ಷದ ಪಾಠ ಆರಂಭವಾಗುವ ಹೊತ್ತಿಗೆ ಸರಿಯಾಗಿ ಹಿರಿಯ ಶಿಕ್ಷಕರು ತೆರವು ಮಾಡಿದ ಸ್ಥಾನಗಳು ಮುಂದಾಗಿ ಯಾರ ಗಮನಕ್ಕೂ ಬಾರದೆ ಹೋಗುತ್ತವೆ.

ಸೀಮೆಗಳ ವಿಷಯದಲ್ಲಿಯೂ ಇಂಥದೇ ಜಾಗರೂಕತೆ ಅವಶ್ಯಕ. ಕಂದಾಯ ಇಲಾಖೆಗೆ ಕಡೂರು ಒಂದೇ ತಾಲ್ಲೂಕು; ಶಿಕ್ಷಣ ಇಲಾಖೆಯಲ್ಲಿ ಅದು ಕಡೂರು, ಬೀರೂರು ಎಂಬ ಎರಡು ವಲಯಗಳಾಗಿ, ಇಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕೈಕೆಳಗಿದೆ. ಕಡೂರು ಎಂಬ ಹೆಸರನ್ನು ಮಾತ್ರ ನೋಡಿ ಒಂದು ಇಲಾಖೆಯ ಕೋಷ್ಟಕವನ್ನು ಇನ್ನೊಂದು ಇಲಾಖೆಯದಕ್ಕೆ ಜೋಡಿಸಿದರೆ, ತಾಲ್ಲೂಕಿನ ಒಂದು ಭಾಗವೇ ಲೆಕ್ಕದಿಂದ ಕಳಚಿಕೊಳ್ಳುತ್ತದೆ. ತರೀಕೆರೆಯಿಂದ ಬೇರ್ಪಟ್ಟು ಅಜ್ಜಂಪುರವು ಪ್ರತ್ಯೇಕ ತಾಲ್ಲೂಕಾಯಿತಷ್ಟೆ. ಅದಕ್ಕೆ ಮುಂಚಿನ ಮತ್ತು ಅದರ ಬಳಿಕದ ತರೀಕೆರೆಯ ನೌಕರರ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವವನಿಗೆ, ಒಬ್ಬರೂ ಕೆಲಸ ಬಿಡದಿದ್ದರೂ ನೂರಾರು ಮಂದಿ ಹೊರಟುಹೋದಂತೆ ಭಾಸವಾದೀತು. ಹಿಂದಿನದನ್ನು ಅರಸುವವರಿಗಂತೂ ಇದು ಹಳೆಯ ಅನುಭವ: ಚಿಕ್ಕಮಗಳೂರು ಜಿಲ್ಲೆಯ ಹೆಸರು 1947ರವರೆಗೆ ಕಡೂರು ಜಿಲ್ಲೆಯೆಂದೇ ಇದ್ದಿತು. 1901ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಕಡೂರು ಜಿಲ್ಲೆಯ ಶಾಸನಗಳದು. ಇಂದಿನ ಹೆಸರನ್ನು ಹಿಡಿದು ಸಂಪುಟಗಳ ಪಟ್ಟಿಯಲ್ಲಿ ಹುಡುಕುವವನಿಗೆ ಅದು ದಕ್ಕದು. ಪ್ರತಿಯೊಂದು ಸ್ಥಳನಾಮಕ್ಕೂ ಅದು ಯಾವ ದಿನದಿಂದ ಯಾವ ದಿನದವರೆಗೆ ಯಾವ ಸೀಮೆಗೆ ಸೇರಿತ್ತೆಂಬ ಕಾಲಾವಧಿಯನ್ನು ದಾಖಲಿಸಿಕೊಂಡ ದತ್ತಸಂಚಯವೇ ಇಂತಹ ಭ್ರಾಂತಿಗಳಿಂದ ರಕ್ಷಿಸಬಲ್ಲುದು.

ಬರಿದಾದ ಕಾಲಂ ಇನ್ನೂ ಸೂಕ್ಷ್ಮವಾದ ಅಪಾಯ. ಕಾಲಂನಲ್ಲಿ ಏನನ್ನೂ ಬರೆಯದಿರುವುದಕ್ಕೂ ಸೊನ್ನೆಯನ್ನು ಬರೆಯುವುದಕ್ಕೂ ಭೇದವುಂಟು. ಕಡೂರಿಗೆ ನಿಯೋಜನೆ ಹೊಂದದ ಶಿಕ್ಷಕರ ಪಟ್ಟಿ ಬೇಕೆಂದು ಕೇಳುವವನು, ನಿಯೋಜನೆಯ ಸ್ಥಳ ಕಡೂರಿಗೆ ಸಮನಲ್ಲ ಎಂಬ ನಿಬಂಧನೆಯನ್ನು ಹಾಕಿದನೆನ್ನಿ. ಯಾವ ನಿಯೋಜನೆಯೂ ಇಲ್ಲದೆ ತಮ್ಮ ತಮ್ಮ ಶಾಲೆಗಳಲ್ಲಿಯೇ ಇರುವ ಬಹುಸಂಖ್ಯಾತರ ಕಾಲಂ ಬರಿದಾಗಿರುತ್ತದೆ. ಬರಿದಾದುದನ್ನು ಯಾವುದರೊಡನೆ ಹೋಲಿಸಿದರೂ ಯಂತ್ರವು ಹೌದೆಂದೂ ಹೇಳದು, ಅಲ್ಲವೆಂದೂ ಹೇಳದು. ಎರಡೂ ಅಲ್ಲದ ಆ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇದಕ್ಕೆ ಪ್ರತಿಯಾಗಿ, ಶಿಕ್ಷಕರ ಕೋಷ್ಟಕವನ್ನು ವರ್ಗಾವಣೆಗಳ ಕೋಷ್ಟಕದೊಡನೆ ಜೋಡಿಸಿದಾಗ, ಮೂರು ಸಲ ವರ್ಗವಾದ ಒಬ್ಬರೇ ಶಿಕ್ಷಕರು ಮೂವರಾಗಿ ಎಣಿಕೆಗೆ ಬರುತ್ತಾರೆ. ಎಣಿಸಬೇಕಾದದ್ದು ಸಾಲುಗಳನ್ನಲ್ಲ, ಭಿನ್ನವಾದ ಕೆ.ಜಿ.ಐ.ಡಿ. ಸಂಖ್ಯೆಗಳನ್ನು. ಒಂದು ಕಡೆ ಇದ್ದವರು ಇಲ್ಲವಾಗುವುದು, ಮತ್ತೊಂದು ಕಡೆ ಒಬ್ಬರು ಹಲವರಾಗುವುದು: ಈ ಎರಡನ್ನೂ ಪರೀಕ್ಷಿಸುವುದಕ್ಕೆ, ತಾನು ಸ್ವತಃ ಬಲ್ಲ ಒಂದು ಚಿಕ್ಕ ಶಾಲೆಯ ಲೆಕ್ಕವನ್ನು ಮೊದಲು ಕೈಯಿಂದ ಮಾಡಿ, ಕ್ವೆರಿಯ ಉತ್ತರದೊಡನೆ ತಾಳೆ ನೋಡುವುದಕ್ಕಿಂತ ಉತ್ತಮವಾದ ಉಪಾಯವಿಲ್ಲ.

ಸರಾಸರಿಯ ನೆರಳಿನಲ್ಲಿ

2009ರ ಶಿಕ್ಷಣ ಹಕ್ಕಿನ ಕಾಯಿದೆಯ 26ನೆಯ ಪ್ರಕರಣವು, ಶಾಲೆಯೊಂದರಲ್ಲಿ ಖಾಲಿಯಿರುವ ಶಿಕ್ಷಕರ ಸ್ಥಾನಗಳು ಮಂಜೂರಾದ ಒಟ್ಟು ಸಂಖ್ಯೆಯ ಶೇಕಡ 10ನ್ನು ಮೀರಕೂಡದೆಂದು ವಿಧಿಸುತ್ತದೆ. ಶಾಸನಕರ್ತರು ಇಲ್ಲಿ ಬಳಸಿರುವ ಘಟಕ ತಾಲ್ಲೂಕಲ್ಲ, ಜಿಲ್ಲೆಯಲ್ಲ, ಶಾಲೆ. ಈ ಸೂಕ್ಷ್ಮವನ್ನು ಗಮನಿಸದವನ ವರದಿ ಹೇಗೆ ದಾರಿತಪ್ಪಿಸುತ್ತದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ತಲಾ 5 ಹುದ್ದೆಗಳಿರುವ 20 ಶಾಲೆಗಳುಂಟು. ಒಟ್ಟು 100 ಹುದ್ದೆಗಳು. ಅವುಗಳಲ್ಲಿ 8 ಖಾಲಿ. ಗುಂಪಿನ ಮಟ್ಟದಲ್ಲಿ ಕೊರತೆ ಶೇಕಡ 8 ಮಾತ್ರವಾದುದರಿಂದ ಎಲ್ಲವೂ ನಿಯಮಬದ್ಧವಾಗಿ ತೋರುತ್ತದೆ. ಆದರೆ ಆ 8 ಸ್ಥಾನಗಳೂ ಎರಡೇ ಶಾಲೆಗಳಲ್ಲಿ ತಲಾ 4ರಂತೆ ಖಾಲಿಯಿದ್ದರೆ, ಆ ಎರಡು ಊರುಗಳ ಮಕ್ಕಳು ಒಬ್ಬೊಬ್ಬರೇ ಶಿಕ್ಷಕರ ಕೈಯಲ್ಲಿದ್ದಾರೆ. ಐದು ಹುದ್ದೆಗಳ ಶಾಲೆಯಲ್ಲಿ ಒಂದು ಸ್ಥಾನ ಖಾಲಿಯಾದರೂ ಕೊರತೆ ಶೇಕಡ 20. 60ರವರೆಗಿನ ಮಕ್ಕಳಿಗೆ ಇಬ್ಬರು ಶಿಕ್ಷಕರೆಂದು ಅದೇ ಕಾಯಿದೆಯ ಅನುಸೂಚಿ ನಿಗದಿಪಡಿಸಿರುವ ಚಿಕ್ಕ ಶಾಲೆಯಲ್ಲಾದರೋ ಶೇಕಡ 50. ಎಂದರೆ, ಹಳ್ಳಿಯ ಸಣ್ಣ ಶಾಲೆಗಳ ಮಟ್ಟಿಗೆ ಈ ವಿಧಿಯ ತಾತ್ಪರ್ಯ ಒಂದೇ: ಅಲ್ಲಿ ಒಂದು ಸ್ಥಾನವೂ ಖಾಲಿ ಉಳಿಯಕೂಡದು. ಗುಂಪುಗೂಡಿಸುವ ಕಾಲಂನಲ್ಲಿ ಶಾಲೆಯ ಬದಲು ತಾಲ್ಲೂಕನ್ನು ಆರಿಸಿದ ಕ್ಷಣದಲ್ಲಿಯೇ ಆ ತಾತ್ಪರ್ಯ ಅಳಿಸಿಹೋಗುತ್ತದೆ.

ಘಟಕದ ಆಯ್ಕೆಯಲ್ಲಿ ನ್ಯಾಯಾನ್ಯಾಯಗಳು ಅಡಗಿವೆಯೆಂಬುದನ್ನು ಕರ್ನಾಟಕವು ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯಿಂದ ಕಲಿತಿದೆ. 2002ರಲ್ಲಿ ವರದಿ ಸಲ್ಲಿಸಿದ ಆ ಸಮಿತಿ ಪ್ರಾದೇಶಿಕ ಅಸಮತೋಲನವನ್ನು ಜಿಲ್ಲೆಗಳ ಮಟ್ಟದಲ್ಲಿ ಅಳೆದು ನಿಲ್ಲಿಸದೆ, ಅಂದಿನ 175 ತಾಲ್ಲೂಕುಗಳನ್ನೂ 35 ಸೂಚಕಗಳಿಂದ ಪ್ರತ್ಯೇಕವಾಗಿ ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವುಗಳೆಂದು ಗುರುತಿಸಿತು. ಚಿಕ್ಕಮಗಳೂರು ಜಿಲ್ಲೆಯವರಿಗೆ ಈ ವಿಧಾನದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಶೃಂಗೇರಿ ಕೊಪ್ಪಗಳ ಭಾರಿ ಮಳೆಯನ್ನೂ ಕಡೂರಿನ ಬರಗಾಲವನ್ನೂ ಕೂಡಿಸಿ ಭಾಗಿಸಿದರೆ ಬರುವ ಸರಾಸರಿಯಂತಹ ಮಳೆ ಎರಡು ಕಡೆಯೂ ಬೀಳುವುದಿಲ್ಲ. ನೌಕರವರ್ಗದ ವರದಿಯಲ್ಲಿಯೂ ಜಿಲ್ಲೆಯ ಸರಾಸರಿಯ ಕೆಳಗೆ ತಾಲ್ಲೂಕನ್ನು, ತಾಲ್ಲೂಕಿನ ಕೆಳಗೆ ಹೋಬಳಿಯನ್ನು, ಹೋಬಳಿಯ ಕೆಳಗೆ ಶಾಲೆಯನ್ನು ಇಳಿದು ನೋಡುವ ಸೌಕರ್ಯವಿಲ್ಲದಿದ್ದರೆ, ಆ ವರದಿಯಿಂದ ಆಡಳಿತಕ್ಕೆ ಸಮಾಧಾನ ದೊರೆತೀತು, ತಿಳಿವಳಿಕೆ ದೊರೆಯದು.

ವರ್ಗೀಕರಣದ ಹೊಣೆ

ಸರ್ಕಾರಿ ಸೇವೆಯ ಅಂಕಿಗಳನ್ನು ಪ್ರಶ್ನೆಗೆ ಒಡ್ಡಿ ನ್ಯಾಯವನ್ನು ಅರಸಿದ ಮಹತ್ತರವಾದ ನಿದರ್ಶನವೊಂದು ಗಣಕಯಂತ್ರಗಳ ಕಾಲಕ್ಕೆ ಬಹಳ ಹಿಂದೆಯೇ ನಮ್ಮ ನಾಡಿನಲ್ಲಿ ಸಂಭವಿಸಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ರಾಜ್ಯದ ಉದ್ಯೋಗಗಳಲ್ಲಿ ಯಾವ ಯಾವ ಸಮುದಾಯಗಳವರಿಗೆ ಎಷ್ಟೆಷ್ಟು ಪಾಲು ದೊರೆತಿದೆ, ಜನಸಂಖ್ಯೆಯಲ್ಲಿ ಅವರ ಪ್ರಮಾಣವೆಷ್ಟು ಎಂಬ ಎರಡು ಲೆಕ್ಕಗಳನ್ನು ಎದುರುಬದುರಾಗಿ ಇರಿಸಿದುದೇ ಆ ಸಮಿತಿಯ ವಿಚಾರದ ಮೂಲ. ಬ್ರಾಹ್ಮಣರಲ್ಲದ, ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ಪಡೆಯದ ಸಮುದಾಯಗಳಿಗೆ ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಂತೆ ಅವಕಾಶ ದೊರೆಯಬೇಕೆಂದು 1919ರಲ್ಲಿ ಸಮಿತಿ ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರದ ಆದೇಶ ಹೊರಟಿತು.

ವಿಶ್ಲೇಷಣೆಯ ದೃಷ್ಟಿಯಿಂದ ಆ ಶಿಫಾರಸಿನ ಒಂದು ಅಂಶ ವಿಶೇಷವಾಗಿ ಮನನೀಯ. ಈ ಪ್ರಮಾಣವು ಸೇವೆಯ ಪ್ರತಿಯೊಂದು ಶ್ರೇಣಿಯಲ್ಲಿಯೂ, ಸಾಧ್ಯವಾದಮಟ್ಟಿಗೆ ಪ್ರತಿಯೊಂದು ಕಚೇರಿಯಲ್ಲಿಯೂ ಈಡೇರಬೇಕೆಂಬುದು ಅದರ ಆಶಯವಾಗಿತ್ತು. ಒಟ್ಟು ಮೊತ್ತದಲ್ಲಿ ಲೆಕ್ಕವನ್ನು ಸರಿದೂಗಿಸಿ, ಮೇಲಿನ ಹುದ್ದೆಗಳನ್ನು ಒಬ್ಬರಿಗೂ ಕೆಳಗಿನವನ್ನು ಮತ್ತೊಬ್ಬರಿಗೂ ಹಂಚಿ ತೃಪ್ತರಾಗುವ ಮಾರ್ಗವನ್ನು ಸಮಿತಿಯವರು ಮುಂದಾಲೋಚನೆಯಿಂದ ಮುಚ್ಚಿದರು. ಗುಂಪನ್ನು ಯಾರು ನಿರ್ಣಯಿಸುತ್ತಾರೆ, ಯಾವ ಹೆಸರಿನಿಂದ ನಿರ್ಣಯಿಸುತ್ತಾರೆ, ಯಾವ ಮಟ್ಟದಲ್ಲಿ ಎಣಿಸುತ್ತಾರೆ ಎಂಬ ಮೂರು ವಿಚಾರಗಳು ಅಂದು ಸಾರ್ವಜನಿಕವಾಗಿ ಚರ್ಚಿತವಾದವು, ವಾದಕ್ಕೆ ವಿರೋಧಕ್ಕೆ ಒಳಗಾದವು, ಬರಹಕ್ಕೆ ಇಳಿದವು. ಇಂದು ಅದೇ ಮೂರು ನಿರ್ಣಯಗಳು ತಂತ್ರಾಂಶದ ಪರದೆಯ ಮೇಲೆ ಒಬ್ಬ ವಿಷಯ ನಿರ್ವಾಹಕನ ಬೆರಳ ತುದಿಯಲ್ಲಿ ಅರೆಕ್ಷಣದಲ್ಲಿ ಆಗಿಹೋಗುತ್ತವೆ. ನಿರ್ಣಯ ಸುಲಭವಾಯಿತೆಂದು ಅದರ ಹೊಣೆ ಹಗುರವಾಗಲಿಲ್ಲ.

ವರದಿಯ ಪಾಲನೆ

ಒಳ್ಳೆಯ ಪ್ರಶ್ನೆಯನ್ನು ಕಟ್ಟಿದ ಮೇಲೆ ಅದನ್ನು ಕಾಪಾಡಿಕೊಳ್ಳುವ ಕಾರ್ಯ ಉಳಿದಿದೆ. ಪ್ರಶ್ನೆಯನ್ನು ಉಳಿಸುವುದು ಬೇರೆ, ಉತ್ತರವನ್ನು ಉಳಿಸುವುದು ಬೇರೆ. ಉಳಿಸಿದ ಪ್ರಶ್ನೆಯನ್ನು ನಾಳೆ ನಡೆಸಿದರೆ ನಾಳಿನ ಉತ್ತರ ಬರುತ್ತದೆ. ಉಳಿಸಿದ ಉತ್ತರವಾದರೋ ನಿನ್ನೆಯ ಸ್ಥಿತಿಗೆ ಸಾಕ್ಷಿಯಾಗಿ ಎಂದೆಂದಿಗೂ ಬದಲಾಗದೆ ನಿಲ್ಲಬೇಕು. ವರ್ಗಾವಣೆಯ ಕೌನ್ಸೆಲಿಂಗಿಗೆ ಮುಂಚೆ ಪ್ರಕಟವಾದ ಖಾಲಿ ಸ್ಥಾನಗಳ ಪಟ್ಟಿಯನ್ನೇ ನೋಡಿ. ದೂರದ ಶಾಲೆಯೊಂದರಲ್ಲಿ ಬಹುಕಾಲ ದುಡಿದ ಶಿಕ್ಷಕಿಯೊಬ್ಬರು ತಮ್ಮ ಊರಿನ ಸಮೀಪದ ಸ್ಥಾನವನ್ನು ಆರಿಸಿಕೊಳ್ಳುವ ಭರವಸೆಯಿಂದ ಆ ಪಟ್ಟಿಯನ್ನು ಓದಿರುತ್ತಾರೆ. ಅಂದು ಪಟ್ಟಿಯಲ್ಲಿ ಏನಿತ್ತೆಂಬುದನ್ನು ತರುವಾಯ ತೋರಿಸಲಾಗದಿದ್ದರೆ ವಿವಾದಕ್ಕೆ ಇತ್ಯರ್ಥವೆಲ್ಲಿ? ಆದ್ದರಿಂದ ದಿನಾಂಕ ನಮೂದಿಸಿದ ಸ್ಥಿರಪ್ರತಿಗಳೂ ಬೇಕು, ನಿತ್ಯನೂತನವಾದ ಪ್ರಶ್ನೆಗಳೂ ಬೇಕು. ಒಂದನ್ನು ಮತ್ತೊಂದೆಂದು ಭ್ರಮಿಸದಂತೆ ಎರಡಕ್ಕೂ ಬೇರೆ ಬೇರೆ ಜಾಗ ಬೇಕು.

ಪ್ರತಿಯೊಂದು ವರದಿಗೂ ಅದರ ಉದ್ದೇಶವನ್ನು ಹೇಳುವ ಹೆಸರು, ಅದರ ಸತ್ಯಕ್ಕೆ ಹೊಣೆಯಾದ ಒಬ್ಬ ಅಧಿಕಾರಿ, ಖಾಲಿ, ಭರ್ತಿ, ನಿಯೋಜನೆ ಎಂಬ ಪದಗಳಿಗೆ ಇಲ್ಲಿ ಏನರ್ಥವೆಂಬ ವಿವರಣೆ, ಕಡೆಯ ಸಲ ಯಾವಾಗ ತಿದ್ದಲಾಯಿತು ಎಂಬ ಟಿಪ್ಪಣಿ ಇವಿಷ್ಟು ಇರತಕ್ಕದ್ದು. ಇವಿಲ್ಲದ ಕಡೆ ನಡೆಯುವುದೇನೆಂಬುದು ಸರ್ವವಿದಿತ. ವರದಿಯನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಂಡವರು ತಮ್ಮ ಅಗತ್ಯಕ್ಕೆ ತಕ್ಕಂತೆ ಅದನ್ನು ಕೈಯಿಂದ ತಿದ್ದುತ್ತಾರೆ. ತಿದ್ದಿದ ಪ್ರತಿ ವಾಟ್ಸಾಪಿನಲ್ಲಿ ಹರಿದಾಡುತ್ತದೆ. ತಿಂಗಳೊಪ್ಪತ್ತಿನಲ್ಲಿ ಒಂದೇ ವಿಷಯಕ್ಕೆ ನಾಲ್ಕು ಸಂಖ್ಯೆಗಳು ಚಲಾವಣೆಗೆ ಬರುತ್ತವೆ. ಆಗ ಮೇಲಿನವರು ಯಾವುದನ್ನೂ ನಂಬಲಾರದೆ, ಅದೇ ಮಾಹಿತಿಯನ್ನು ಹೊಸದೊಂದು ನಮೂನೆಯಲ್ಲಿ ತುಂಬಿ ಸಂಜೆಯೊಳಗೆ ತುರ್ತಾಗಿ ಸಲ್ಲಿಸಬೇಕೆಂದು ಮುಖ್ಯಶಿಕ್ಷಕರಿಗೆ ಸೂಚನೆ ಕಳುಹಿಸುತ್ತಾರೆ. ಪಾಠಕ್ಕೆ ಸಲ್ಲಬೇಕಾದ ಗಂಟೆಗಳು ನಮೂನೆಗಳಿಗೆ ಸಲ್ಲುತ್ತವೆ. ಯಾರೂ ಓದದ ವರದಿಗಳನ್ನು ಕಾಲಕಾಲಕ್ಕೆ ರದ್ದುಮಾಡುವುದೂ ಈ ಪಾಲನೆಯ ಅಂಗವೇ. ಪ್ರತಿ ಸೋಮವಾರ ತಾನಾಗಿ ಹೊರಬಿದ್ದು ಓದದೆ ಉಳಿಯುವ ಹತ್ತು ವರದಿಗಳು, ಓದಲೇಬೇಕಾದ ಹನ್ನೊಂದನೆಯದನ್ನು ಮರೆಮಾಡುತ್ತವೆ.

ಊರಿನದು, ನೌಕರನದು

ನೌಕರನ ದಾಖಲೆಯೆಂದರೆ ಅವನ ಬಾಳಿನ ದಾಖಲೆಯೂ ಹೌದು. ಕಾಯಿಲೆಯ ರಜೆ, ಹೆರಿಗೆಯ ರಜೆ, ಸಾಲದ ಕಡಿತ, ಜಾತಿ, ವಿಚಾರಣೆಗಳು ಎಲ್ಲವೂ ಅದರಲ್ಲಿವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ತೀರ್ಪಿತ್ತಿತು. ಅತ್ತ 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಪ್ರಕರಣವು, ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಅಧಿಕಾರಿ ನೌಕರರ ಪಟ್ಟಿಯನ್ನೂ ಅವರ ಮಾಸಿಕ ಸಂಬಳವನ್ನೂ ತಾವಾಗಿಯೇ ಪ್ರಕಟಿಸಬೇಕೆನ್ನುತ್ತದೆ. ಹೋಬಳಿಯಂತಹ ಸಣ್ಣ ವ್ಯಾಪ್ತಿಯಲ್ಲಿ ಇವೆರಡರ ಸೆಣಸಾಟ ತೀವ್ರವಾಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಒಬ್ಬರು ಮಾತ್ರ ದೀರ್ಘ ವೈದ್ಯಕೀಯ ರಜೆಯಲ್ಲಿದ್ದಾರೆಂದು ವರದಿಯೊಂದು ಹೇಳಿದರೆ, ಹೆಸರನ್ನು ಹೇಳದಿದ್ದರೂ ಅವರು ಯಾರೆಂದು ಊರಿಗೆಲ್ಲ ತಿಳಿಯುತ್ತದೆ.

ಈ ಸಂದಿಗ್ಧಕ್ಕೂ ಪರಿಹಾರ ಹುದ್ದೆ ಮತ್ತು ವ್ಯಕ್ತಿಗಳ ಆ ವಿವೇಕದಲ್ಲಿಯೇ ಇದೆ. ಹುದ್ದೆ ಊರಿನ ಸ್ವತ್ತು. ಅದು ಮಂಜೂರಾಗಿದೆಯೆ, ಭರ್ತಿಯಾಗಿದೆಯೆ, ಅದರ ಸೇವೆ ಇಲ್ಲಿ ದೊರೆಯುತ್ತಿದೆಯೆ ಅಥವಾ ಬೇರೆಡೆಗೆ ನಿಯೋಜಿತವಾಗಿದೆಯೆ ಎಂಬುದನ್ನು ಶಾಲೆ ಶಾಲೆಗೂ ಬಿಡಿಸಿ ಪ್ರಕಟಿಸಬೇಕು. ವ್ಯಕ್ತಿಯ ರೋಗ, ಋಣ, ಕೌಟುಂಬಿಕ ವಿಚಾರಗಳು ಅವನ ಸ್ವಂತದವು. ಅವುಗಳನ್ನು ಕರ್ತವ್ಯಕ್ಕೆ ಅನಿವಾರ್ಯವಾದಷ್ಟು ಮಂದಿ ಮಾತ್ರ, ಯಾರು ಯಾವಾಗ ನೋಡಿದರೆಂಬುದು ದಾಖಲಾಗುವಂತೆ, ನೋಡತಕ್ಕದ್ದು. ಪ್ರಶ್ನೆಯನ್ನು ಕಟ್ಟುವವನು ಹುದ್ದೆಯಿಂದ ಆರಂಭಿಸಿದರೆ ಊರಿನ ಹಕ್ಕೂ ನೌಕರನ ಗೌರವವೂ ಒಟ್ಟಿಗೆ ಉಳಿಯುತ್ತವೆ.

ಇನ್ನು ಮಾಡಬೇಕಾದುದೇನು? 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡವು ಆಡಳಿತದ ಭಾಷೆಯಾಗಿರುವ ಈ ರಾಜ್ಯದಲ್ಲಿ, ಪ್ರತಿಯೊಂದು ವರದಿಯ ಶಿರೋಭಾಗದಲ್ಲಿ ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಸಾಮಾನ್ಯ ಓದುಗನಿಗೆ ತಿಳಿಯುವ ಕನ್ನಡದಲ್ಲಿ ಬರೆಯುವುದು ಕಷ್ಟವಲ್ಲ: ಯಾವ ದಿನದ ಸ್ಥಿತಿ, ಯಾರು ಸೇರಿದ್ದಾರೆ, ಯಾರನ್ನು ಬಿಟ್ಟಿದೆ, ಖಾಲಿಯೆಂದರೆ ಏನರ್ಥ ಎಂಬ ನಾಲ್ಕು ವಾಕ್ಯಗಳು ಸಾಕು. ಅದರ ಶಾಲಾವಾರು ಪ್ರತಿಯು ಆಯಾ ಊರಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಮಕ್ಕಳ ತಂದೆತಾಯಿಗಳಿಗೆ, ವರ್ಷಕ್ಕೆ ಎರಡು ಸಲವಾದರೂ ತಲಪಬೇಕು. ವರದಿಯಲ್ಲಿ ಭರ್ತಿಯೆಂದಿರುವ ಗಣಿತದ ಹುದ್ದೆಯಲ್ಲಿ ತಮ್ಮೂರಿಗೆ ಯಾರೂ ಬಂದಿಲ್ಲವೆಂದು ಹಿರೇನಲ್ಲೂರಿನ ತಾಯಿಯೊಬ್ಬಳು ಹೇಳಿದರೆ, ಆ ಮಾತು ದೂರಾಗಿ ಕಡತ ಸೇರದೆ ತಿದ್ದುಪಡಿಯಾಗಿ ದತ್ತಾಂಶವನ್ನು ಸೇರುವ ಏರ್ಪಾಡು ಬೇಕು. ಲಕ್ಷ ಸಾಲುಗಳನ್ನು ಕ್ಷಣದಲ್ಲಿ ಓದಬಲ್ಲ ಯಂತ್ರಕ್ಕೆ ಆ ತರಗತಿಯೊಳಗೆ ಇಣುಕಿ ನೋಡುವ ಶಕ್ತಿಯಿಲ್ಲ, ಅವಳಿಗಿದೆ. ಅವಳ ಸಾಕ್ಷ್ಯವನ್ನು ಪ್ರಶ್ನೆಯ ಒಂದು ಅಂಗವಾಗಿ ಸ್ವೀಕರಿಸಿದ ಆಡಳಿತವು ತನ್ನ ನೌಕರರನ್ನೂ ತನ್ನ ಪ್ರಜೆಗಳನ್ನೂ ನಿಜವಾಗಿ ಬಲ್ಲ ಆಡಳಿತವಾಗುತ್ತದೆ.